ಹಾಲಲ್ಲಿ ಉಪ್ಪು ಜಾಸ್ತಿ ಇರಲಿಲ್ಲ, ಮಗುವಿನ ಮೈಯಲ್ಲಿ ನೀರು ಕಡಿಮೆ ಇತ್ತು

ಪ್ರಶ್ನೆ: ಡಾಕ್ಟ್ರೇ, ನನಗೆ ಹೆಣ್ಣು ಮಗು. ನೋವು ಬರುವ ಮೊದಲೇ ಸಿಸೇರಿಯನ್ ಮಾಡಿದರು. ಹುಟ್ಟಿದಾಗ ತೂಕ 3.1 ಕೆ.ಜಿ. ಉಸಿರಾಟ ಜೋರಾಗಿದೆ ಅಂತ ಒಂದು ದಿನ ಎಳೆ ಮಕ್ಕಳ ಐಸಿಯುನಲ್ಲಿ (ಎನ್‌ಐಸಿಯು) ಇಟ್ಟಿದ್ದರು. ಮನೆಗೆ ಬಂದ ಮೇಲೆ ಮಗು ಅಳುತ್ತಲೇ ಇರಲಿಲ್ಲ, ಮಲಗೇ ಇರುತ್ತಿತ್ತು. ಆರನೇ ದಿನ ಮೈ ಬಿಸಿಯಾಯಿತು. ಆಸ್ಪತ್ರೆಗೆ ಓಡಿದೆವು. ತೂಕ 2.7 ಕೆ.ಜಿ.ಗೆ ಇಳಿದಿತ್ತು, ರಕ್ತದಲ್ಲಿ ಸೋಡಿಯಂ 158 ಇತ್ತು. ಎರಡು ದಿನ ನಿಧಾನವಾಗಿ ಡ್ರಿಪ್ ಕೊಟ್ಟರು. ಈಗ ಮಗು ಚೆನ್ನಾಗಿದೆ, ತೂಕವೂ ಏರುತ್ತಿದೆ. ಆದರೆ ಬಾಣಂತನದಲ್ಲಿ ನಾನು ಉಪ್ಪಿನಕಾಯಿ ತಿಂದೆ, ಅದಕ್ಕೇ ಹಾಲು ಉಪ್ಪಾಯಿತು ಅಂತ ಮನೆಯಲ್ಲಿ ಹೇಳ್ತಾರೆ. ಎರಡು ಚಮಚ ನೀರು ಕುಡಿಸಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಅತ್ತೆಯ ಮಾತು. ಅದೇ ವಾರ್ಡಿನಲ್ಲಿ ಇನ್ನೊಂದು ಗಂಡು ಮಗುವಿಗೆ ಸೋಡಿಯಂ ತುಂಬಾ ಕಡಿಮೆ ಇದೆ, ಹಾರ್ಮೋನ್ ತೊಂದರೆ ಅಂತ ಉಪ್ಪು ಕೊಡುತ್ತಿದ್ದರು. ನನ್ನ ಮಗುವಿಗೂ ಹಾರ್ಮೋನ್ ತೊಂದರೆ ಇರಬಹುದಾ?

ಉತ್ತರ: ನಿಮ್ಮ ಮಗುವಿಗೆ ಆದದ್ದು ಉಪ್ಪು ಜಾಸ್ತಿಯಾಗಿ ಅಲ್ಲ, ನೀರು ಕಡಿಮೆಯಾಗಿ. ಉಪ್ಪಿನಕಾಯಿಗೂ ಇದಕ್ಕೂ ಸಂಬಂಧವಿಲ್ಲ. ನೀವು ಬರೆದದ್ದನ್ನು ನೋಡಿದರೆ ಹಾರ್ಮೋನ್ ತೊಂದರೆಯ ಲಕ್ಷಣವೂ ಕಾಣುತ್ತಿಲ್ಲ. ಹೀಗೆ ಅಂದುಬಿಟ್ಟರೆ ಮನೆಯವರಿಗೆ ಸಮಾಧಾನ ಆಗಲಿಕ್ಕಿಲ್ಲ. ಹಾಗಾಗಿ ಕಾರಣಗಳನ್ನೂ ಪೂರ್ತಿ ಹೇಳುತ್ತೇನೆ.

ಸೋಡಿಯಂ 158 ಅಂದ ಕೂಡಲೇ ಮೈಯಲ್ಲಿ ಉಪ್ಪು ತುಂಬಿಕೊಂಡಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಆ ಅಂಕಿ ಹೇಳುವುದು ಒಂದು ಲೀಟರ್ ರಕ್ತದ ನೀರಿನಲ್ಲಿ ಎಷ್ಟು ಸೋಡಿಯಂ ಇದೆ ಅನ್ನುವುದನ್ನು ಮಾತ್ರ. ಇಡೀ ಮೈಯಲ್ಲಿ ಎಷ್ಟು ಉಪ್ಪಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಒಲೆ ಮೇಲಿಟ್ಟ ಸಾರು ಕುದಿದು ಬತ್ತಿದರೆ ಉಪ್ಪಾಗುತ್ತದೆ, ಅಲ್ವಾ? ಯಾರೂ ಉಪ್ಪು ಸುರಿದಿರುವುದಿಲ್ಲ. ನವಜಾತ ಶಿಶುವಿನಲ್ಲಿ ಸೋಡಿಯಂ ಏರಿದಾಗ ನಾನು ಮೊದಲು ನೋಡುವುದು ತೂಕವನ್ನು. ನಿಮ್ಮ ಮಗು 400 ಗ್ರಾಂ ಕಳೆದುಕೊಂಡಿತ್ತು. ಹುಟ್ಟಿದ ತೂಕದ ಸುಮಾರು 13 ಶೇಕಡಾ ಆಯಿತು. ನೀರೇ ಹೋಗಿದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹಾಲಿನ ಉಪ್ಪಿನ ಲೆಕ್ಕವನ್ನೂ ನೋಡಿಬಿಡೋಣ, ಏಕೆಂದರೆ ಈ ಆರೋಪ ತಾಯಂದಿರನ್ನು ಬಹಳ ಕಾಡುತ್ತದೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 140 ಮಿಲಿಮೋಲ್ ಆಸುಪಾಸು ಇರುತ್ತದೆ. ಹೆರಿಗೆಯಾದ ಮೊದಲ ದಿನದ ಹಾಲಿನಲ್ಲಿ ಸುಮಾರು 60, ಮೂರನೇ ದಿನಕ್ಕೆ ಸುಮಾರು 20, ಹಾಲು ಪೂರ್ತಿ ಪಕ್ವವಾದ ಮೇಲೆ ಬರೀ 7. ಅಂದರೆ ತಾಯಿಯ ಹಾಲು ಯಾವ ದಿನವೂ ಮಗುವಿನ ರಕ್ತಕ್ಕಿಂತ ಉಪ್ಪಾಗಿರುವುದಿಲ್ಲ. 3 ಕೆ.ಜಿ. ಮಗು ದಿನಕ್ಕೆ 450 ಮಿ.ಲೀ. ಪಕ್ವ ಹಾಲು ಕುಡಿದರೆ ಅದಕ್ಕೆ ಸಿಗುವುದು ಸುಮಾರು 3 ಮಿಲಿಮೋಲ್ ಸೋಡಿಯಂ. ನಮ್ಮ ಅಡುಗೆ ಉಪ್ಪಿನ ಲೆಕ್ಕದಲ್ಲಿ ಒಂದು ಗ್ರಾಮಿನ ಐದನೇ ಒಂದು ಪಾಲೂ ಆಗಲಿಲ್ಲ. ಬರೀ ಉಪ್ಪು ಸೇರಿಸಿಯೇ ನಿಮ್ಮ ಮಗುವಿನ ಸೋಡಿಯಂ 140ರಿಂದ 158ಕ್ಕೆ ಏರಬೇಕಿದ್ದರೆ ಸುಮಾರು 40 ಮಿಲಿಮೋಲ್ ಬೇಕಿತ್ತು. ಅಷ್ಟು ಸೋಡಿಯಂ ಇರುವುದು ಹತ್ತಿರ ಹತ್ತಿರ 6 ಲೀಟರ್ ಪಕ್ವ ಹಾಲಿನಲ್ಲಿ. ತಾಯಿ ಊಟದಲ್ಲಿ ಉಪ್ಪು ಹೆಚ್ಚು ತಿಂದರೆ ಹಾಲಿನ ಸೋಡಿಯಂ ಅದಕ್ಕೆ ತಕ್ಕಂತೆ ಏರುವುದೂ ಇಲ್ಲ. ಉಪ್ಪಿನಕಾಯಿಯ ವಿಷಯ ಇಲ್ಲಿಗೆ ಬಿಡಿ.

ಒಂದು ವಿಷಯ ಮಾತ್ರ ನಿಜ. ಇಂಥ ಮಕ್ಕಳ ತಾಯಂದಿರ ಹಾಲನ್ನು ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಸೋಡಿಯಂ ಜಾಸ್ತಿಯೇ ಸಿಗುತ್ತದೆ. ಜನ ತಪ್ಪು ತಿಳಿಯುವುದು ಇಲ್ಲೇ. ಹೆರಿಗೆಯಾದ ಮೇಲೆ ಬಸಿರಿನಲ್ಲಿ ಹೆಚ್ಚಿದ್ದ ಪ್ರೊಜೆಸ್ಟೆರಾನ್ ಹಾರ್ಮೋನ್ ಕುಸಿಯುತ್ತದೆ, ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಮೇಲಿರುತ್ತದೆ. ಆಗ ಹಾಲು ತಯಾರಿಸುವ ಕೋಶಗಳ ನಡುವಿನ ಸಂದುಗಳು ಮುಚ್ಚಿಕೊಳ್ಳುತ್ತವೆ, ರಕ್ತದ ಸೋಡಿಯಂ ಹಾಲಿಗೆ ಸೋರುವುದು ನಿಲ್ಲುತ್ತದೆ. ಮಗು ಸರಿಯಾಗಿ ಚೀಪಿ ಹಾಲು ಖಾಲಿ ಮಾಡದಿದ್ದರೆ ಈ ಕೆಲಸ ತಡವಾಗುತ್ತದೆ, ಸೋಡಿಯಂ ಇಳಿಯುವುದಿಲ್ಲ. ಅಂದರೆ ಹಾಲಿನಲ್ಲಿ ಸೋಡಿಯಂ ಹೆಚ್ಚಿದ್ದರೆ, ಹಾಲು ಇನ್ನೂ ಸರಿಯಾಗಿ ಇಳಿದಿಲ್ಲ, ಮಗುವಿಗೆ ಸಾಕಷ್ಟು ಸಿಗುತ್ತಿಲ್ಲ ಅಂತ ಅರ್ಥ. ಅದು ಕಾರಣ ಅಲ್ಲ, ಪರಿಣಾಮ.

ಹಾಗಾದರೆ ನೀರು ಎಲ್ಲಿ ಹೋಯಿತು? ಇದಕ್ಕೆ ಹುಟ್ಟಿನ ಹೊತ್ತಿಗೇ ಹೋಗಬೇಕು.

ದಿನ ತುಂಬಿ ಹುಟ್ಟಿದ ಮಗುವಿನ ತೂಕದಲ್ಲಿ ಸುಮಾರು 75 ಶೇಕಡಾ ನೀರು. ದೊಡ್ಡವರಲ್ಲಿ ಅದು 60 ಶೇಕಡಾ. ಮಗು ಒಂದಿಷ್ಟು ಹೆಚ್ಚುವರಿ ನೀರು, ಉಪ್ಪು ಹೊತ್ತುಕೊಂಡೇ ಹುಟ್ಟುತ್ತದೆ. ಆ ನೀರಿನ ಮೊದಲ ಲೆಕ್ಕ ಚುಕ್ತಾ ಆಗಬೇಕಾದದ್ದು ಶ್ವಾಸಕೋಶದಲ್ಲಿ. ಗರ್ಭದಲ್ಲಿ ಮಗುವಿನ ಶ್ವಾಸಕೋಶ ನೀರು ತುಂಬಿಕೊಂಡಿರುತ್ತದೆ. ಹೆರಿಗೆ ನೋವು ಶುರುವಾದಾಗ ಮಗುವಿನ ಮೈಯಲ್ಲಿ ಅಡ್ರಿನಲಿನ್ ಒಮ್ಮೆಗೇ ಏರುತ್ತದೆ. ಕಾರ್ಟಿಸಾಲ್ ಮತ್ತು ಥೈರಾಯ್ಡ್ ಹಾರ್ಮೋನುಗಳು ಅದಕ್ಕೆ ಮುಂಚೆಯೇ ತಯಾರಿ ಮಾಡಿರುತ್ತವೆ. ಇವು ಸೇರಿ ಶ್ವಾಸಕೋಶದ ಕೋಶಗಳಲ್ಲಿರುವ ಸೋಡಿಯಂ ದಾರಿಗಳನ್ನು ತೆರೆಸುತ್ತವೆ. ಸೋಡಿಯಂ ಒಳಗೆ ಹೀರಿಕೊಳ್ಳುತ್ತದೆ, ನೀರು ಅದರ ಹಿಂದೆಯೇ ಹೋಗುತ್ತದೆ, ಜಾಗ ಗಾಳಿಗೆ ಸಿಗುತ್ತದೆ. ನೋವು ಬರುವ ಮೊದಲೇ ಸಿಸೇರಿಯನ್ ಆದರೆ ಈ ಅಡ್ರಿನಲಿನ್ ಏರಿಕೆ ಕಡಿಮೆ. ಶ್ವಾಸಕೋಶದಲ್ಲಿ ನೀರು ಸ್ವಲ್ಪ ಹೊತ್ತು ಉಳಿಯುತ್ತದೆ, ಮಗು ಜೋರಾಗಿ ಉಸಿರಾಡುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ನಿಮ್ಮ ಮಗುವಿಗೆ ಮೊದಲ ದಿನ ಆದದ್ದು ಬಹುಶಃ ಇದೇ.

ಉಸಿರಾಟ ಶುರುವಾದ ಮೇಲೆ ಇನ್ನೊಂದು ಬದಲಾವಣೆ. ಶ್ವಾಸಕೋಶಕ್ಕೆ ರಕ್ತ ಹರಿದು, ಅಲ್ಲಿಂದ ಹೃದಯದ ಎಡ ಮೇಲ್ಕೋಣೆಗೆ ತುಂಬಿ ಬರುತ್ತದೆ. ಆ ಗೋಡೆ ಹಿಗ್ಗಿದಾಗ ಎಎನ್‌ಪಿ ಅನ್ನುವ ಹಾರ್ಮೋನ್ ಹೊರಬರುತ್ತದೆ. ಹೃದಯವೂ ಹಾರ್ಮೋನ್ ಮಾಡುತ್ತದೆ ಅನ್ನುವುದು ಗೊತ್ತಾಗಿದ್ದೇ 1981ರಲ್ಲಿ. ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಜೊತೆಗಾರರು ಇಲಿಯ ಹೃದಯದ ಮೇಲ್ಕೋಣೆಯಿಂದ ತೆಗೆದ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವುಗಳ ಮೂತ್ರದಲ್ಲಿ ಉಪ್ಪು, ನೀರು ಧಾರಾಳವಾಗಿ ಹೊರಬಿತ್ತು. ನವಜಾತ ಶಿಶುವಿನಲ್ಲೂ ಎಎನ್‌ಪಿ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ಕೆಲವು ದಿನ ಮಗು ತೂಕ ಇಳಿಯುವುದು ಸಹಜ. ದಿನ ತುಂಬಿದ ಮಗು 5ರಿಂದ 7 ಶೇಕಡಾ ಇಳಿದರೆ ನನಗೆ ಚಿಂತೆ ಇಲ್ಲ. 10 ದಾಟಿದರೆ ಚಿಂತೆ. ಇಳಿದ ತೂಕ 10ರಿಂದ 14 ದಿನದೊಳಗೆ ವಾಪಸ್ ಬರಬೇಕು. ಹೆರಿಗೆ ಹೊತ್ತಿನಲ್ಲಿ ತಾಯಿಗೆ ಡ್ರಿಪ್ ಜಾಸ್ತಿ ಹೋಗಿದ್ದರೆ ಮಗುವಿನಲ್ಲೂ ಒಂದಿಷ್ಟು ನೀರು ಹೆಚ್ಚಾಗಿ ಸೇರಿರುತ್ತದೆ, ಮೊದಲ ದಿನದ ಇಳಿತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಅಂಥ ಕಡೆ 24 ಗಂಟೆಯ ತೂಕವನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು.

ಇಳಿತ ಒಂದು ಹಂತದಲ್ಲಿ ನಿಲ್ಲಬೇಕಲ್ಲ? ನಿಲ್ಲಿಸುವ ಹಾರ್ಮೋನುಗಳೂ ಇವೆ. ನೀರನ್ನು ಹಿಡಿದಿಡಲು ಮೆದುಳಿನಿಂದ ವ್ಯಾಸೊಪ್ರೆಸಿನ್ ಬರುತ್ತದೆ. ಉಪ್ಪನ್ನು ಹಿಡಿದಿಡಲು ಕಿಡ್ನಿಯಿಂದ ರೆನಿನ್ ಹೊರಟು, ಆಂಜಿಯೋಟೆನ್ಸಿನ್ ಮೂಲಕ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸಿ, ಆಲ್ಡೋಸ್ಟೆರಾನ್ ಬಿಡಿಸುತ್ತದೆ. ನವಜಾತ ಶಿಶುವಿನಲ್ಲಿ ಇವು ಕಡಿಮೆ ಇರುತ್ತವೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ವಾಸ್ತವ ಉಲ್ಟಾ. ದಿನ ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ರೆನಿನ್, ಆಲ್ಡೋಸ್ಟೆರಾನ್ ಎರಡೂ ದೊಡ್ಡವರಿಗಿಂತ ಹೆಚ್ಚು. ಹೆರಿಗೆಯ ಒತ್ತಡದಲ್ಲಿ ವ್ಯಾಸೊಪ್ರೆಸಿನ್ ಕೂಡ ಜೋರಾಗಿ ಏರುತ್ತದೆ.

ಕೊರತೆ ಇರುವುದು ಕಿಡ್ನಿಯ ಕಡೆ. ಆಲ್ಡೋಸ್ಟೆರಾನ್ ಬಂದು ಕೂರಬೇಕಾದ ಗ್ರಾಹಕಗಳು ಹುಟ್ಟಿದ ಹೊತ್ತಿನಲ್ಲಿ ಕಿಡ್ನಿಯಲ್ಲಿ ತುಂಬಾ ಕಡಿಮೆ. ಹಾರ್ಮೋನ್ ಎಷ್ಟಿದ್ದರೂ ಕೆಲಸ ಅರೆಬರೆ. ವ್ಯಾಸೊಪ್ರೆಸಿನ್ ಕತೆಯೂ ಹೀಗೆಯೇ. ನೀರನ್ನು ವಾಪಸ್ ಎಳೆದುಕೊಳ್ಳುವ ಕಿಡ್ನಿಯ ನಳಿಕೆಗಳು ಇನ್ನೂ ಗಿಡ್ಡ. ಎಳೆಯಲು ನೆರವಾಗುವ ಯೂರಿಯಾ ಕೂಡ ಕಿಡ್ನಿಯ ಒಳಭಾಗದಲ್ಲಿ ಸಾಕಷ್ಟು ಸೇರಿರುವುದಿಲ್ಲ. ದೊಡ್ಡವರು ಬಾಯಾರಿದಾಗ ಮೂತ್ರವನ್ನು 1200 ಮಿಲಿಆಸ್ಮೋಲ್‌ವರೆಗೆ (ಮೂತ್ರದಲ್ಲಿ ಎಷ್ಟು ಪದಾರ್ಥ ಕರಗಿದೆ ಅನ್ನುವ ಅಳತೆ) ಗಟ್ಟಿ ಮಾಡಬಲ್ಲರು. ನವಜಾತ ಶಿಶುವಿಗೆ 500ರಿಂದ 700 ದಾಟುವುದಿಲ್ಲ. ಅಂದರೆ ಅಷ್ಟೇ ಕಸ ಹೊರಹಾಕಲು ಮಗು ಹೆಚ್ಚುಕಡಿಮೆ ಎರಡು ಪಟ್ಟು ನೀರು ಖರ್ಚು ಮಾಡಬೇಕು. ಇದು ಕಾಯಿಲೆ ಅಲ್ಲ. ಎಲ್ಲ ಮಕ್ಕಳೂ ಹೀಗೇ ಹುಟ್ಟುತ್ತವೆ, ಕೆಲವು ತಿಂಗಳಲ್ಲಿ ಕಿಡ್ನಿ ಕಲಿತುಕೊಳ್ಳುತ್ತದೆ. ಅಲ್ಲಿಯವರೆಗೆ ಹಾರ್ಮೋನಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಮಗುವಿನ ಬಾಯಿಗೆ ಎಷ್ಟು ಹಾಲು ಹೋಗುತ್ತಿದೆ ಅನ್ನುವುದೇ ಮುಖ್ಯ.

ನಿಮ್ಮ ಮಗುವಿನ ಆರು ದಿನ ಈಗ ಅರ್ಥವಾಗುತ್ತದೆ. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಸ್ವಲ್ಪ ತಡವಾಗಬಹುದು. ಮೇಲಾಗಿ ಮೊದಲ ದಿನ ಮಗು ನಿಮ್ಮಿಂದ ದೂರ ಇತ್ತು, ಚೀಪಲಿಲ್ಲ. ಚೀಪದಿದ್ದರೆ ಹಾಲು ಇನ್ನೂ ಹಿಂದೆ ಬೀಳುತ್ತದೆ. ಅತ್ತ ಚರ್ಮದಿಂದ, ಉಸಿರಿನಿಂದ, ಮೂತ್ರದಿಂದ ನೀರು ಹೋಗುತ್ತಲೇ ಇತ್ತು. ಮುಚ್ಚಿದ ಬೆಚ್ಚಗಿನ ಬಾಣಂತಿ ಕೋಣೆ, ಮಗುವಿಗೆ ಮೂರು ಪದರ ಬಟ್ಟೆ ಅಂತ ಇದ್ದರೆ ನೀರು ಇನ್ನೂ ಬೇಗ ಆರುತ್ತದೆ. ನೀರು ಕಡಿಮೆಯಾದ ಮಗು ಮೊದಮೊದಲು ಹಸಿದು ಅಳುತ್ತದೆ. ಆಮೇಲೆ ಸೋತು ಮಲಗುತ್ತದೆ. ಮಲಗಿದ ಮಗು ಇನ್ನೂ ಕಡಿಮೆ ಚೀಪುತ್ತದೆ. "ಎಷ್ಟು ಒಳ್ಳೆ ಮಗು, ಅಳೋದೇ ಇಲ್ಲ" ಅಂತ ಮೊದಲ ವಾರದಲ್ಲಿ ಯಾರಾದರೂ ಹೇಳಿದರೆ ನಾನು ಕೂಡಲೇ ತೂಕ ನೋಡಲು ಹೇಳುತ್ತೇನೆ. ಸೋಡಿಯಂ ಏರಿದ ಮಗು ಮೇಲ್ನೋಟಕ್ಕೆ ಅಷ್ಟು ಸೊರಗಿದಂತೆ ಕಾಣುವುದೂ ಇಲ್ಲ. ಕೋಶಗಳ ಒಳಗಿನ ನೀರು ರಕ್ತದ ಕಡೆಗೆ ಬಂದು ನಾಡಿ, ಬಿ.ಪಿ. ಸ್ವಲ್ಪ ಕಾಲ ತಡೆದುಕೊಳ್ಳುತ್ತವೆ. ಅದಕ್ಕೇ ಮನೆಯವರಿಗೆ ಗೊತ್ತಾಗುವುದು ತಡ. ನೀವು ಜ್ವರ ಬಂದ ದಿನವೇ ಓಡಿದ್ದು ದೊಡ್ಡ ವಿಷಯ. ಈ ವಯಸ್ಸಿನಲ್ಲಿ ಜ್ವರ ಬಂದರೆ ಸೋಂಕು ಇರಬಹುದೇ ಅಂತಲೂ ನೋಡಲೇಬೇಕು.

ಡ್ರಿಪ್ ಯಾಕೆ ಅಷ್ಟು ನಿಧಾನ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೋಡಿಯಂ ಏರಿದಾಗ ಮೆದುಳಿನ ಕೋಶಗಳು ತಮ್ಮ ನೀರು ಉಳಿಸಿಕೊಳ್ಳಲು ಒಳಗೆ ಬೇರೆ ಬೇರೆ ಪದಾರ್ಥ ಕೂಡಿಸಿಕೊಳ್ಳುತ್ತವೆ. ಆಗ ಒಮ್ಮೆಗೇ ನೀರು ಕೊಟ್ಟರೆ ಅದು ಮೆದುಳಿಗೆ ನುಗ್ಗಿ ಊತ ಬರುತ್ತದೆ, ಫಿಟ್ಸ್ ಬರಬಹುದು. ಹಾಗಾಗಿ ಗಂಟೆಗೆ 0.5 ಮಿಲಿಮೋಲ್‌ಗಿಂತ ವೇಗವಾಗಿ ಇಳಿಸುವುದಿಲ್ಲ, ದಿನಕ್ಕೆ 10ರಿಂದ 12. ನಿಮ್ಮ ವೈದ್ಯರು ಎರಡು ದಿನ ತೆಗೆದುಕೊಂಡದ್ದು ಸರಿಯಾಗಿಯೇ ಇದೆ.

ಈಗ ಅತ್ತೆಯವರ ಮಾತು. ಮಗುವಿಗೆ ನೀರು ಕಡಿಮೆಯಾಗಿದೆ ಅಂತ ಅವರಿಗೆ ಅನ್ನಿಸಿದ್ದು ತಪ್ಪಲ್ಲ. ಆದರೆ ಅದಕ್ಕೆ ಚಮಚದ ನೀರು ಮದ್ದಲ್ಲ. ತಾಯಿಯ ಹಾಲಿನಲ್ಲೇ 87 ಶೇಕಡಾ ನೀರು ಇದೆ. ಬೇಸಿಗೆಯಲ್ಲೂ ಆರು ತಿಂಗಳವರೆಗೆ ಮೇಲೆ ನೀರು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಗಟ್ಟಿ ಕಾರಣವಿದೆ. ಮಗುವಿನ ಕಿಡ್ನಿ ಮೂತ್ರವನ್ನು ತೆಳ್ಳಗೆ ಮಾಡಬಲ್ಲದು, ಆದರೆ ಸೋಸುವ ವೇಗ ಹುಟ್ಟಿದಾಗ ದೊಡ್ಡವರ ಐದನೇ ಒಂದು ಪಾಲಿನಷ್ಟು ಮಾತ್ರ, ಅದೂ ಮೈಯ ಅಳತೆಗೆ ಹೊಂದಿಸಿ ನೋಡಿದಾಗ. ಬಿಟ್ಟೂ ಬಿಡದೆ ನೀರು ಕೊಟ್ಟರೆ ಅದನ್ನು ಬೇಗ ಹೊರಹಾಕಲು ಆಗುವುದಿಲ್ಲ. ರಕ್ತ ತೆಳುವಾಗಿ ಸೋಡಿಯಂ ಕುಸಿಯುತ್ತದೆ, ಅದೂ ಫಿಟ್ಸ್ ತರುತ್ತದೆ. ಇನ್ನೊಂದು ಕಡೆ ನೀರಿಗೆ ಹೊಟ್ಟೆ ತುಂಬಿದ ಮಗು ಎದೆಗೆ ಬರುವುದಿಲ್ಲ, ಹಾಲು ಇನ್ನಷ್ಟು ಕಡಿಮೆಯಾಗುತ್ತದೆ. ಸಕ್ಕರೆ ನೀರು, ಜೇನುತುಪ್ಪ, ಗ್ರೈಪ್ ವಾಟರ್ ಎಲ್ಲಕ್ಕೂ ಇದೇ ಮಾತು. ಬೇಕಿದ್ದದ್ದು ಮಗುವನ್ನು ಎಬ್ಬಿಸಿ ಎರಡು ಎರಡೂವರೆ ಗಂಟೆಗೊಮ್ಮೆ ಎದೆಗೆ ಹಾಕುವುದು, ಬಾಯಿ ಸರಿಯಾಗಿ ಹಿಡಿದಿದೆಯೇ ಅಂತ ನರ್ಸಿಗೆ ತೋರಿಸುವುದು, ಚೀಪಲು ಆಗದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುವುದು. ಅದೂ ಸಾಲದಿದ್ದರೆ ವೈದ್ಯರು ಹೇಳಿದಷ್ಟು ದಿನ ಡೋನರ್ ಹಾಲು (ಬೇರೆ ತಾಯಂದಿರು ದಾನ ಕೊಟ್ಟದ್ದು) ಅಥವಾ ಫಾರ್ಮುಲಾ ಕೊಡುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಾಯಾರಿದಾಗ ನೀರು ಕುಡಿಯಬೇಕಾದವರು ನೀವು. ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಬಿಡಿ.

ಇನ್ನು ಆ ಇನ್ನೊಂದು ಮಗು. ಅದರ ಕಾಯಿಲೆ ಏನು ಅಂತ ನಾನು ಇಲ್ಲಿಂದ ಹೇಳಲಾರೆ. ಆದರೆ ಎಳೆ ಮಗುವಿಗೆ ಸೋಡಿಯಂ ತುಂಬಾ ಕಡಿಮೆಯಾಗಿ, ಹಾರ್ಮೋನ್ ಜೊತೆಗೆ ಉಪ್ಪನ್ನೂ ಕೊಡುವ ಮುಖ್ಯ ಕಾಯಿಲೆ ಒಂದಿದೆ. ಅದು ಹುಟ್ಟಿನಿಂದಲೇ ಬರುವ ಅಡ್ರಿನಲ್ ತೊಂದರೆ. ನಾವು ಸಿಎಎಚ್ ಅನ್ನುತ್ತೇವೆ. ಕಾರ್ಟಿಸಾಲ್, ಆಲ್ಡೋಸ್ಟೆರಾನ್ ತಯಾರಿಸಲು ಬೇಕಾದ 21-ಹೈಡ್ರಾಕ್ಸಿಲೇಸ್ ಅನ್ನುವ ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ ಅಥವಾ ಅರೆಬರೆ ಇರುತ್ತದೆ. ಆಲ್ಡೋಸ್ಟೆರಾನ್ ಇಲ್ಲದೆ ಮೂತ್ರದಲ್ಲಿ ಉಪ್ಪು ಸೋರಿ ಹೋಗುತ್ತದೆ, ಪೊಟ್ಯಾಷಿಯಂ ಒಳಗೇ ಉಳಿದು ಏರುತ್ತದೆ. ಸಾಮಾನ್ಯವಾಗಿ ಎರಡನೇ ಮೂರನೇ ವಾರದಲ್ಲಿ ವಾಂತಿ, ಹಾಲು ಬಿಡುವುದು, ತೂಕ ಏರದಿರುವುದು ಶುರುವಾಗುತ್ತದೆ. ಹೆಣ್ಣು ಮಕ್ಕಳಲ್ಲಿ ಜನನಾಂಗ ಹುಟ್ಟುವಾಗಲೇ ಸ್ವಲ್ಪ ಬೇರೆ ಥರ ಕಾಣುವುದರಿಂದ ಬೇಗ ಗೊತ್ತಾಗುತ್ತದೆ. ಗಂಡು ಮಕ್ಕಳು ನೋಡಲು ಮಾಮೂಲಾಗಿಯೇ ಇರುತ್ತವೆ. ಹಾಗಾಗಿ ಅಪಾಯ ಜಾಸ್ತಿ. ವಾಂತಿಭೇದಿ, ಸೋಂಕು ಅಂತ ಔಷಧಿ ಕೊಡುತ್ತಾ ಕೂತರೆ ಮಗು ಕೈತಪ್ಪಿ ಹೋಗಬಹುದು.

ಉಪ್ಪು ಎಷ್ಟು ದೊಡ್ಡ ಮಾತು ಅನ್ನುವುದಕ್ಕೆ 1940ರಲ್ಲಿ ಅಮೆರಿಕದ ಬಾಲ್ಟಿಮೋರಿನಿಂದ ಲಾಸನ್ ವಿಲ್ಕಿನ್ಸ್ ಮತ್ತು ಕರ್ಟ್ ರಿಕ್ಟರ್ ಬರೆದ ವರದಿ ಒಂದಿದೆ. ಮೂರೂವರೆ ವರ್ಷದ ಹುಡುಗ. ಬಿಸ್ಕತ್ತಿನ ಮೇಲಿನ ಉಪ್ಪನ್ನಷ್ಟೇ ನೆಕ್ಕಿ ಬಿಡುತ್ತಿದ್ದ. ಅವನು ಮೊದಮೊದಲು ಕಲಿತ ಮಾತುಗಳಲ್ಲಿ ಉಪ್ಪು ಒಂದು. ಸಿಕ್ಕಲ್ಲೆಲ್ಲ ಉಪ್ಪು ತಿಂದೇ ಅವನು ಜೀವ ಉಳಿಸಿಕೊಂಡಿದ್ದ. ಪರೀಕ್ಷೆಗೆ ಅಂತ ಆಸ್ಪತ್ರೆಗೆ ಸೇರಿಸಿ ಮಾಮೂಲಿ ಊಟ ಕೊಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನ ಅಡ್ರಿನಲ್ ಗ್ರಂಥಿಗಳು ಕೆಟ್ಟಿದ್ದು ಆಮೇಲೆ ಗೊತ್ತಾಯಿತು. ಹತ್ತು ವರ್ಷದಲ್ಲಿ ಅದೇ ವಿಲ್ಕಿನ್ಸ್ ಸಿಎಎಚ್ ಮಕ್ಕಳಿಗೆ ಕಾರ್ಟಿಸೋನ್ ಕೊಡಲು ಶುರು ಮಾಡಿದರು. ಇಂದು ಕಾರ್ಟಿಸಾಲ್ ಬದಲಿಗೆ ಹೈಡ್ರೋಕಾರ್ಟಿಸೋನ್, ಆಲ್ಡೋಸ್ಟೆರಾನ್ ಬದಲಿಗೆ ಫ್ಲುಡ್ರೋಕಾರ್ಟಿಸೋನ್ ಮಾತ್ರೆಗಳಿವೆ. ಎಳೆ ಮಕ್ಕಳಿಗೆ ಅದರ ಜೊತೆ ದಿನಕ್ಕೆ 1ರಿಂದ 2 ಗ್ರಾಂ ಉಪ್ಪನ್ನು ಹಂಚಿ ಹಂಚಿ ಕೊಡುತ್ತೇವೆ. ತಾಯಿಯ ಹಾಲಿನಲ್ಲಿ ಉಪ್ಪು ಕಡಿಮೆ, ಕಿಡ್ನಿ ಈ ಔಷಧಿಗೂ ಇನ್ನೂ ಪೂರ್ತಿ ಸ್ಪಂದಿಸುವುದಿಲ್ಲ. ಅದಕ್ಕೇ ಮೇಲೆ ಉಪ್ಪು ಬೇಕು. ಈ ಮಕ್ಕಳು ಸರಿಯಾಗಿ ಔಷಧಿ ತೆಗೆದುಕೊಂಡರೆ ಎಲ್ಲರಂತೆ ಬೆಳೆಯುತ್ತಾರೆ. ಇದು ವೈದ್ಯರ ಲೆಕ್ಕದ ಉಪ್ಪು. ಬೇರೆ ಯಾವ ಎಳೆ ಮಗುವಿಗೂ ಮನೆಯಲ್ಲಿ ಉಪ್ಪು ಹಾಕಬೇಡಿ.

ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಲೆಕ್ಕ ಪೂರ್ತಿ ಬೇರೆ. ಅವರ ಕಿಡ್ನಿ ಉಪ್ಪು ಸೋರಿಸುತ್ತದೆ, ತೆಳು ಚರ್ಮ ನೀರು ಸೋರಿಸುತ್ತದೆ. ಅದನ್ನು ಎನ್‌ಐಸಿಯುನಲ್ಲಿ ದಿನದಿನದ ತೂಕ, ರಕ್ತ ಪರೀಕ್ಷೆ ನೋಡಿಯೇ ಸರಿದೂಗಿಸಬೇಕು.

ನಿಮ್ಮ ಮಗುವಿಗೆ ಇಂಥ ತೊಂದರೆ ಇದೆ ಅಂತ ನನಗೆ ಯಾಕೆ ಅನ್ನಿಸುವುದಿಲ್ಲ? ಸಿಎಎಚ್‌ನಲ್ಲಿ ಸೋಡಿಯಂ ಇಳಿಯುತ್ತದೆ, ನಿಮ್ಮ ಮಗುವಿಗೆ ಏರಿತ್ತು. ಡ್ರಿಪ್, ಹಾಲು ಸಿಕ್ಕ ಮೇಲೆ ಸರಿಹೋಗಿದೆ, ತೂಕ ಏರುತ್ತಿದೆ. ಸೋಡಿಯಂ ಏರಿಸುವ ಹಾರ್ಮೋನ್ ಕಾಯಿಲೆಯೂ ಒಂದಿದೆ. ವ್ಯಾಸೊಪ್ರೆಸಿನ್ ಇಲ್ಲದಿರುವುದು, ಅಥವಾ ಕಿಡ್ನಿ ಅದಕ್ಕೆ ಸ್ವಲ್ಪವೂ ಸ್ಪಂದಿಸದಿರುವುದು. ಅದು ಅಪರೂಪ. ಅದಿದ್ದರೆ ಮೈ ಒಣಗಿದ್ದರೂ ಮಗು ತೆಳ್ಳಗಿನ ಮೂತ್ರವನ್ನು ಧಾರಾಳವಾಗಿ ಮಾಡುತ್ತಲೇ ಇರುತ್ತದೆ, ಸೋಡಿಯಂ ಮತ್ತೆ ಮತ್ತೆ ಏರುತ್ತದೆ, ತೂಕ ಹಿಡಿಯುವುದಿಲ್ಲ. ಡಿಸ್ಚಾರ್ಜ್ ಆದ ಮೇಲೆ ಒಮ್ಮೆಯಾದರೂ ಸೋಡಿಯಂ ಪರೀಕ್ಷೆ ಮಾಡಿಸಿ ಸರಿಯಿದ್ದರೆ ಆ ಅನುಮಾನವನ್ನೂ ಬಿಡಬಹುದು. ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಮಾಡುವ ನವಜಾತ ತಪಾಸಣೆಯಲ್ಲಿ ಥೈರಾಯ್ಡ್ ಜೊತೆ ಸಿಎಎಚ್ ಕೂಡ ಸೇರಿರುತ್ತದೆ. ನಮ್ಮಲ್ಲಿ ಎಲ್ಲ ಆಸ್ಪತ್ರೆಗಳೂ ಇದನ್ನು ಮಾಡುವುದಿಲ್ಲ. ನಿಮ್ಮ ಮಗುವಿಗೆ ಮಾಡಿದ್ದಾರೆಯೇ ಅಂತ ಫೈಲ್ ನೋಡಿ ಅಥವಾ ಕೇಳಿ. ಸೋದರಸಂಬಂಧದಲ್ಲಿ ಮದುವೆಯಾದವರು, ಹಿಂದೆ ಎಳೆ ಮಗು ಕಾರಣ ಗೊತ್ತಾಗದೆ ತೀರಿಕೊಂಡ ಮನೆಯವರು ಇದನ್ನು ಕೇಳಿ ಮಾಡಿಸಲೇಬೇಕು. ಅಪ್ಪ ಅಮ್ಮ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಪ್ರತಿ ಮಗುವಿಗೂ ಸಿಎಎಚ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮುಂದೆ ಇನ್ನೊಂದು ಮಗು ಆದರೆ ಹೀಗೆ ಮಾಡಿ. ಮಗು ಎನ್‌ಐಸಿಯುನಲ್ಲಿದ್ದರೂ ಮೊದಲ ದಿನದಿಂದಲೇ ಹಾಲು ಹಿಂಡಿ ಕಳಿಸಿ. ಮೂರನೇ ದಿನ ತೂಕ ನೋಡಿಸಿ, ಐದನೇ ದಿನ ಮತ್ತೊಮ್ಮೆ. ಆಶಾ ಕಾರ್ಯಕರ್ತೆಯರು ಮನೆಗೆ 3 ಮತ್ತು 7ನೇ ದಿನ ಬರುತ್ತಾರೆ, ತಕ್ಕಡಿಯೂ ಅವರ ಹತ್ತಿರ ಇರುತ್ತದೆ, ತೂಗಲು ಕೇಳಿ. ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಬೇಕು, ಕಪ್ಪು ಮಲ ಹಳದಿಗೆ ತಿರುಗಿರಬೇಕು. ಮೂರು ದಿನ ಕಳೆದ ಮೇಲೂ ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಕಂಡರೆ, ಮಗು ಹಾಲಿಗೆ ಏಳದೇ ಇದ್ದರೆ, ಮೈ ಬಿಸಿಯಾದರೆ ಅಥವಾ ತೂಕ 10 ಶೇಕಡಾ ಇಳಿದರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ, ಸೋಡಿಯಂ ಪರೀಕ್ಷೆ ಮಾಡಿ ಅಂತ ನೀವೇ ಕೇಳಿ.